ಸಮ್ಮಿಶ್ರ ಸರ್ಕಾರ: ಕರಾವಳಿಯ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡದಲ್ಲಿ 8, ಉಡುಪಿಯಲ್ಲಿ 5, ಒಟ್ಟು 13 ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಸ್ಪರ್ಧೆ ಹೆಚ್ಚುಕಮ್ಮಿ ಎರಡೇ ಪಕ್ಷಗಳ ನಡುವೆ. ಹಾಗಾಗಿ ಮೈತ್ರಿ, ದೋಸ್ತಿ, ಸಮನ್ವಯ ಸಮಿತಿ ಎಲ್ಲ ಹಳೇ ಮೈಸೂರಿನವರ ತಲೆನೋವು ಅಂತ ನಾವು ಸುಮ್ಮನಿದ್ದುಬಿಡುತ್ತೇವೆ. ಅತಂತ್ರ ಫಲಿತಾಂಶ ಬಂದಾಗ ಮಾತ್ರ ಹಂಪನಕಟ್ಟೆಯಿಂದ ಮಲ್ಪೆ ಬಂದರಿನ ತನಕ ಎಲ್ಲರ ಬಾಯಲ್ಲೂ ಪ್ರಶ್ನೆಗಳು ಶುರುವಾಗುತ್ತವೆ. ಹಾಗೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಮಾರಾಯ್ರೆ, 104 ಸೀಟು ಬಂದವರು ಹೊರಗೆ, 37 ಬಂದವರು ಮುಖ್ಯಮಂತ್ರಿ. ಇದು ಯಾವ ನ್ಯಾಯ?

2018ರ ಮೇ ತಿಂಗಳ ಮಾತು ಇದು. ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಬಂದಿತ್ತು. ಮೊದಲ ಸ್ಥಾನ ಬಂದವರಿಗೆ ಸರ್ಕಾರ ಅನ್ನುವ ನಿಯಮ ನಮ್ಮ ಸಂವಿಧಾನದಲ್ಲಿ ಇಲ್ಲ. ಸದನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾರ ಪರವಾಗಿ ಕೈ ಎತ್ತುತ್ತಾರೋ ಅವರಿಗೆ ಸರ್ಕಾರ. 224 ಜನರ ಸಭೆಯಲ್ಲಿ ಅದು 113. ಆ ಸಲ 222 ಕ್ಷೇತ್ರಗಳಿಗೆ ಮಾತ್ರ ಮತದಾನ ಆಗಿದ್ದರಿಂದ 112 ಸಾಕಿತ್ತು. 78ಕ್ಕೆ 37 ಸೇರಿಸಿದರೆ 115. ಲೆಕ್ಕ ಅಷ್ಟೇ.

ನ್ಯಾಯದ ಪ್ರಶ್ನೆ ಬೇರೆ. ಚುನಾವಣೆಯಲ್ಲಿ ಪರಸ್ಪರ ಬೈದಾಡಿಕೊಂಡವರು ಫಲಿತಾಂಶದ ಸಂಜೆಯೇ ಕೈ ಹಿಡಿದು ನಿಂತರೆ ಮತದಾರನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿಗೆ ಕಾನೂನಿನಲ್ಲಿ ಜಾಗ ಇಲ್ಲ.

ಹಾಗಾದರೆ ರಾಜ್ಯಪಾಲರು ಮೊದಲು ಯಾರನ್ನು ಕರೆಯಬೇಕು?

ಕೇಂದ್ರ-ರಾಜ್ಯ ಸಂಬಂಧಗಳ ಬಗ್ಗೆ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಒಂದು ಕ್ರಮ ಹೇಳಿದೆ. ಮೊದಲು ಚುನಾವಣೆಗೆ ಮುಂಚೆಯೇ ಆದ ಮೈತ್ರಿಕೂಟ. ನಂತರ ಬೇರೆಯವರ ಬೆಂಬಲದೊಂದಿಗೆ ಬರುವ ಅತಿದೊಡ್ಡ ಪಕ್ಷ. ಅದಾದ ಮೇಲೆ ಚುನಾವಣೆ ಮುಗಿದ ಮೇಲೆ ಕೂಡಿಕೊಂಡು ಎಲ್ಲರೂ ಸರ್ಕಾರ ಸೇರುವ ಕೂಟ. ಕೊನೆಗೆ ಕೆಲವರು ಒಳಗೆ, ಕೆಲವರು ಹೊರಗೆ ಇರುವ ಕೂಟ.

ಇದು ಸಲಹೆ ಮಾತ್ರ. ಹಾಗಾಗಿ ರಾಜ್ಯಪಾಲರು ತಮಗೆ ಸರಿ ಕಂಡದ್ದನ್ನು ಮಾಡುತ್ತಾರೆ. 2017ರಲ್ಲಿ ಗೋವಾದ 40ರಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13 ಇತ್ತು. ಅಲ್ಲಿ ಕೂಟ ಕಟ್ಟಿ ಬಂದ ಬಿಜೆಪಿಗೆ ಕರೆ ಹೋಯಿತು. ಮರುವರ್ಷ ಕರ್ನಾಟಕದಲ್ಲಿ ಕೂಟಕ್ಕೆ ಕರೆ ಹೋಗಲಿಲ್ಲ, ಅತಿದೊಡ್ಡ ಪಕ್ಷಕ್ಕೆ ಹೋಯಿತು. ಬಹುಮತ ತೋರಿಸಲು ರಾಜ್ಯಪಾಲರು ಯಡಿಯೂರಪ್ಪ ಅವರಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಕಡಿತಗೊಳಿಸಿ ಮೇ 19ಕ್ಕೇ ನಿಗದಿ ಮಾಡಿತು. ಅವರು ಮತಕ್ಕೆ ಹೋಗದೆ ರಾಜೀನಾಮೆ ಕೊಟ್ಟರು.

ಬಹುಮತ ರಾಜಭವನದಲ್ಲಿ ಅಲ್ಲ, ಸದನದಲ್ಲೇ ಸಾಬೀತಾಗಬೇಕು ಎಂದು ಗಟ್ಟಿಯಾಗಿ ಹೇಳಿದ 1994ರ ತೀರ್ಪು ಕೂಡ ಕರ್ನಾಟಕದ್ದೇ. 1989ರಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಮೊಕದ್ದಮೆ ಅದು.

ಯಾರು ಯಾರ ಜೊತೆ ಸೇರಬೇಕು ಅನ್ನುವುದು ಸಿದ್ಧಾಂತದ ಮೇಲೆ ನಿರ್ಧಾರ ಆಗುವುದಾ?

ಸ್ವಲ್ಪ ಮಟ್ಟಿಗೆ. ಸಿದ್ಧಾಂತ ಯಾರ ಜೊತೆ ಸೇರಬಾರದು ಅನ್ನುವುದನ್ನು ಹೇಳುತ್ತದೆ. ಉಳಿದದ್ದನ್ನು ಸಂಖ್ಯೆ ಹೇಳುತ್ತದೆ. ಅನಗತ್ಯವಾಗಿ ದೊಡ್ಡ ಕೂಟ ಕಟ್ಟಲು ಯಾರಿಗೂ ಇಷ್ಟ ಇಲ್ಲ, ಯಾಕೆಂದರೆ ಪಾಲು ಜಾಸ್ತಿ ಜನರಿಗೆ ಹೋಗುತ್ತದೆ. ತೀರಾ ಅಂಚಿನ ಕೂಟ ಆದರೆ ಇಬ್ಬರು ಮುನಿಸಿಕೊಂಡರೂ ಸರ್ಕಾರ ಅಲ್ಲಾಡುತ್ತದೆ.

ಇಲ್ಲಿ ನೋಡಬೇಕಾದದ್ದು ಒಂದೇ: ಈ ಕೂಟ ಬಿಟ್ಟು ಹೋದರೆ ಈ ಪಕ್ಷಕ್ಕೆ ಬೇರೆ ಎಲ್ಲಿ ಜಾಗ ಉಂಟು? ಎರಡೂ ಕಡೆ ಹೋಗಬಲ್ಲ ಪಕ್ಷಕ್ಕೆ ಸೀಟಿಗಿಂತ ದೊಡ್ಡ ಬೆಲೆ. ಜೆಡಿಎಸ್ 2004ರಲ್ಲಿ ಕಾಂಗ್ರೆಸ್ ಜೊತೆ, 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಮತ್ತೆ ಕಾಂಗ್ರೆಸ್ ಜೊತೆ, 2023ರಿಂದ ಮತ್ತೆ ಬಿಜೆಪಿ ಜೊತೆ ಇದ್ದದ್ದು ಸುಮ್ನೆ ಅಲ್ಲ. ನೈತಿಕತೆಯ ಮಾತು ಪಕ್ಕಕ್ಕಿಟ್ಟು ನೋಡಿದರೆ, 37 ಸೀಟಿಗೆ ಮುಖ್ಯಮಂತ್ರಿ ಪದವಿ ತಂದುಕೊಟ್ಟದ್ದು ಈ ಎರಡು ಬಾಗಿಲೇ.

ಖಾತೆ ಹಂಚಿಕೆ ಹೇಗೆ ನಡೆಯುತ್ತದೆ? ಏನಾದರೂ ಸೂತ್ರ ಇದೆಯಾ?

ಬರೆದಿಟ್ಟ ಸೂತ್ರ ಇಲ್ಲ. ಆದರೆ ಜಗತ್ತಿನ ಹೆಚ್ಚಿನ ಕಡೆ ಸಚಿವ ಸ್ಥಾನಗಳು ಪಕ್ಷಗಳು ತಂದ ಸೀಟುಗಳ ಪ್ರಮಾಣದಲ್ಲೇ ಹಂಚಿಕೆಯಾಗುತ್ತವೆ. ಸಣ್ಣ ಪಕ್ಷಕ್ಕೆ ಚೂರು ಜಾಸ್ತಿ ಸಿಗುತ್ತದೆ. 2018ರ ಲೆಕ್ಕವನ್ನೇ ಹಾಕಿ ನೋಡಿ. 115ರಲ್ಲಿ 37 ಅಂದರೆ ಶೇ 32. ಒಪ್ಪಂದದಲ್ಲಿ ಜೆಡಿಎಸ್‌ಗೆ ಬಂದದ್ದು ಮುಖ್ಯಮಂತ್ರಿ ಸೇರಿ 34ರಲ್ಲಿ 12, ಅಂದರೆ ಶೇ 35. ಕಾಂಗ್ರೆಸ್‌ಗೆ 22. ತಲೆಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಜಗ್ಗಾಟ ನಡೆದದ್ದು ಯಾವ ಖಾತೆ ಯಾರಿಗೆ ಅನ್ನುವುದರ ಮೇಲೆ. ಹಣಕಾಸು ಜೆಡಿಎಸ್‌ಗೆ, ಗೃಹ ಕಾಂಗ್ರೆಸ್ಸಿಗೆ ಎಂದು ತೀರ್ಮಾನ ಆಗುವ ಹೊತ್ತಿಗೆ ವಾರವೇ ಕಳೆದಿತ್ತು.

34 ಎಲ್ಲಿಂದ ಬಂತು ಅಂತ ಕೇಳಬಹುದು. 2003ರಲ್ಲಿ ಬಂದ ಸಂವಿಧಾನದ 91ನೇ ತಿದ್ದುಪಡಿ ಸದನದ ಬಲದ ಶೇ 15ಕ್ಕಿಂತ ಜಾಸ್ತಿ ಮಂತ್ರಿಗಳು ಇರಬಾರದು ಎಂದಿತು. ಅದಕ್ಕೆ ಮುಂಚೆ ಜಂಬೋ ಸಂಪುಟ ಮಾಡಿ ಎಲ್ಲರನ್ನೂ ಸಮಾಧಾನ ಮಾಡಬಹುದಿತ್ತು. ಈಗ ಆ ದಾರಿ ಮುಚ್ಚಿದೆ. ಹಾಗಾಗಿ ನಿಗಮ ಮಂಡಳಿ ಅಧ್ಯಕ್ಷಗಿರಿ, ಸಂಸದೀಯ ಕಾರ್ಯದರ್ಶಿ, ಸಂಪುಟ ದರ್ಜೆಯ ಸ್ಥಾನಮಾನ ಎಲ್ಲಕ್ಕೂ ಬೇಡಿಕೆ ಹೆಚ್ಚಿತು. ಮಂತ್ರಿಗಿರಿ ಸಿಗದವರಿಗೆ ಗೂಟದ ಕಾರು.

ಸ್ಪೀಕರ್ ಸ್ಥಾನವನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ತಪ್ಪು. ಮೈತ್ರಿ ಒಡೆಯುವ ದಿನ ಮುಖ್ಯಮಂತ್ರಿಗಿಂತ ಸ್ಪೀಕರ್ ಮುಖ್ಯ. ರಾಜೀನಾಮೆ ಅಂಗೀಕರಿಸುವುದು, ಅನರ್ಹಗೊಳಿಸುವುದು ಎಲ್ಲ ಅವರ ಕೈಯಲ್ಲಿ. ಮಂಗಳೂರು ಕ್ಷೇತ್ರದ ಯು.ಟಿ. ಖಾದರ್ 2023ರಲ್ಲಿ ಸ್ಪೀಕರ್ ಆದಾಗ ಮಂತ್ರಿಗಿರಿ ತಪ್ಪಿತಲ್ಲ ಎಂದು ನಮ್ಮಲ್ಲಿ ಕೆಲವರು ಬೇಸರಪಟ್ಟರು. ಅದು ಸ್ಪಷ್ಟ ಬಹುಮತದ ಸದನ. ಅತಂತ್ರ ಸದನವಾಗಿದ್ದರೆ ಅದೇ ಕುರ್ಚಿಗೆ ಎರಡು ಪಕ್ಷಗಳು ಜಗಳ ಆಡುತ್ತಿದ್ದವು.

'ಬಾಹ್ಯ ಬೆಂಬಲ' ಅಂದರೆ ಏನು? ಯಾಕೆ ಹೊರಗೆ ನಿಲ್ಲುತ್ತಾರೆ?

ಸರ್ಕಾರ ಬೀಳದ ಹಾಗೆ ಮತ ಹಾಕುತ್ತಾರೆ, ಮಂತ್ರಿಗಿರಿ ತೆಗೆದುಕೊಳ್ಳುವುದಿಲ್ಲ. ಒಳ್ಳೆಯದಾದರೆ ನಮ್ಮಿಂದ, ಕೆಟ್ಟದಾದರೆ ಅವರಿಂದ ಅನ್ನುವ ಅನುಕೂಲ ಸಿಗುತ್ತದೆ ಅನ್ನುವುದು ಲೆಕ್ಕಾಚಾರ. ಅದು ಯಾವಾಗಲೂ ಫಲಿಸುವುದಿಲ್ಲ.

1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಇದ್ದದ್ದು 95. ಬಿಜೆಪಿಯ 18 ಶಾಸಕರು ಹೊರಗಿನಿಂದ ಬೆಂಬಲ ಕೊಟ್ಟರು. ಉಡುಪಿಯಿಂದ ಗೆದ್ದಿದ್ದ ಡಾ. ವಿ.ಎಸ್. ಆಚಾರ್ಯ ಅವರಲ್ಲಿ ಒಬ್ಬರು. ಎಡಪಕ್ಷಗಳೂ ಅದೇ ಸರ್ಕಾರಕ್ಕೆ ಬೆಂಬಲ ಕೊಟ್ಟಿದ್ದವು. ಇವತ್ತು ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ. ಎರಡು ವರ್ಷದಲ್ಲಿ ಹೆಗಡೆ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋದರು. 1985ರಲ್ಲಿ ಜನತಾ ಪಕ್ಷ 139ಕ್ಕೆ ಏರಿತು, ಬಿಜೆಪಿ 2ಕ್ಕೆ ಇಳಿಯಿತು. ಬೆಂಬಲ ಕೊಟ್ಟವರಿಗೆ ಹೆಸರೂ ಇಲ್ಲ, ಸೀಟೂ ಇಲ್ಲ.

ಬೆಂಬಲ ಪಡೆದವರ ಕಷ್ಟವೂ ಕಡಿಮೆಯಲ್ಲ. 1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿಯಾದದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ. ಮರುವರ್ಷ ಮಾರ್ಚ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂತೆಗೆದರು. ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು. ಹೊರಗೆ ನಿಂತವನಿಗೆ ಬಿಟ್ಟುಹೋಗಲು ಖರ್ಚೇ ಇಲ್ಲ. ರಾಜೀನಾಮೆ ಕೊಡಲು ಕುರ್ಚಿಯೇ ಇಲ್ಲವಲ್ಲ.

ಮೈತ್ರಿಯನ್ನು ದಿನನಿತ್ಯ ಯಾರು ನಡೆಸುತ್ತಾರೆ?

ಕಾಗದದ ಮೇಲೆ ಸಮನ್ವಯ ಸಮಿತಿ ಮತ್ತು ಕನಿಷ್ಠ ಸಾಮಾನ್ಯ ಕಾರ್ಯಕ್ರಮ. ನಿಜದಲ್ಲಿ ಎರಡೂ ಕಡೆಯ ನಂಬಿಕೆ ಇರುವ ಒಬ್ಬಿಬ್ಬರು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅಂಥವರಲ್ಲಿ ಒಬ್ಬರು. ವಾಜಪೇಯಿ ಕಾಲದಲ್ಲಿ ರಕ್ಷಣಾ ಸಚಿವರಾಗಿದ್ದರು, ಬಿಜೆಪಿ ನೇತೃತ್ವದ ಮೈತ್ರಿಕೂಟ ಎನ್‌ಡಿಎ ಸಂಚಾಲಕರೂ ಆಗಿದ್ದರು. ಬಿಜೆಪಿಯವರಲ್ಲ, ಸಮಾಜವಾದಿ ಹಿನ್ನೆಲೆ. ಅದೇ ಅವರ ಬಂಡವಾಳ. ಮುನಿಸಿಕೊಂಡ ಮಿತ್ರಪಕ್ಷಕ್ಕೆ ದೊಡ್ಡ ಪಕ್ಷದವರು ಹೋಗಿ ಸಮಾಧಾನ ಹೇಳಿದರೆ ಅದು ಅಪ್ಪಣೆಯ ಹಾಗೆ ಕೇಳುತ್ತದೆ. ತಮ್ಮ ಹಾಗೆಯೇ ಸಣ್ಣ ಪಕ್ಷ ಕಟ್ಟಿಕೊಂಡವನು ಹೇಳಿದರೆ ಕಿವಿಗೊಡುತ್ತಾರೆ. ಚೆನ್ನೈಗೆ ಹೋಗಿ ಮಿತ್ರಪಕ್ಷ ಎಐಎಡಿಎಂಕೆಯ ಜಯಲಲಿತಾ ಅವರನ್ನು ಒಲಿಸುವ ಕೆಲಸವೂ ಅವರ ಪಾಲಿಗೇ ಬಂದಿತ್ತು. ಕೊನೆಗೆ ಜಯಲಲಿತಾ ಇಟ್ಟ ಬೇಡಿಕೆಗಳಲ್ಲಿ ಒಂದು, ಫರ್ನಾಂಡಿಸ್ ಅವರನ್ನೇ ರಕ್ಷಣಾ ಖಾತೆಯಿಂದ ಬದಲಿಸಬೇಕು ಅನ್ನುವುದು! ಜಯಲಲಿತಾ ಬೆಂಬಲ ಹಿಂತೆಗೆದ ಮೇಲೆ, 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269-270ರಲ್ಲಿ, ಒಂದೇ ಮತದಿಂದ ಸೋತಿತು.

ಇನ್ನು ಸಮಿತಿಯ ಕಥೆ. 2018ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ, ಸಮನ್ವಯ ಸಮಿತಿಗೆ ಸಿದ್ದರಾಮಯ್ಯ ಅಧ್ಯಕ್ಷರು. ನಮ್ಮೂರಿನ ಯಕ್ಷಗಾನ ಜೋಡಾಟದ ಹಾಗೆ ಎರಡು ರಂಗಸ್ಥಳ, ಇಬ್ಬರು ಭಾಗವತರು. ಜುಲೈ ಬಜೆಟ್‌ನಲ್ಲಿ ಅನ್ನಭಾಗ್ಯದ ಅಕ್ಕಿಯನ್ನು 7 ಕಿಲೋದಿಂದ 5ಕ್ಕೆ ಇಳಿಸುವ ಪ್ರಸ್ತಾಪ ಬಂತು. ಅದು ಸಿದ್ದರಾಮಯ್ಯ ಅವರ ಹೆಸರಿನ ಯೋಜನೆ. ಅವರು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಮತ್ತೆ 7 ಕಿಲೋ ಆಯಿತು. ಅದೇ ತಿಂಗಳು ಕುಮಾರಸ್ವಾಮಿ ತಾನು ವಿಷಕಂಠನಂತೆ ನೋವು ನುಂಗುತ್ತಿದ್ದೇನೆ ಎಂದು ವೇದಿಕೆಯಲ್ಲೇ ಕಣ್ಣೀರು ಹಾಕಿದರು.

ನಮ್ಮ ಅಭಿಪ್ರಾಯ ಹೇಳುವುದಾದರೆ, ಹಿಂದಿನ ಮುಖ್ಯಮಂತ್ರಿಯನ್ನು ಈಗಿನ ಮುಖ್ಯಮಂತ್ರಿಯ ಮೇಲೆ ಸಮನ್ವಯಕ್ಕೆ ಕೂರಿಸಿದ್ದೇ ಸರಿಯಾಗಲಿಲ್ಲ. ಆ ಕೆಲಸಕ್ಕೆ ಪದವಿಯ ಆಸೆ ಮುಗಿದವರು ಬೇಕು. ಅಂಥವರು ರಾಜಕೀಯದಲ್ಲಿ ಸಿಗುವುದು ಕಷ್ಟ ಅನ್ನಿ.

ಪಕ್ಷಾಂತರ ಕಾಯ್ದೆ ಇದ್ದರೂ 2019ರಲ್ಲಿ ಸರ್ಕಾರ ಹೇಗೆ ಬಿತ್ತು?

1985ರ ಕಾಯ್ದೆಯ ಪ್ರಕಾರ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಮೊದಲು ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೊರಬಂದರೆ 'ವಿಭಜನೆ' ಎಂದು ವಿನಾಯಿತಿ ಇತ್ತು. 2003ರಲ್ಲಿ ಅದನ್ನು ತೆಗೆದರು. ಈಗ ಬೇರೆ ಪಕ್ಷದಲ್ಲಿ ವಿಲೀನ ಆಗಬೇಕಾದರೆ ಮೂರನೇ ಎರಡು ಭಾಗ ಬೇಕು.

ಅಷ್ಟು ಜನರನ್ನು ಕೂಡಿಸಲು ಆಗದಿದ್ದರೆ ಇನ್ನೊಂದು ದಾರಿ: ಮತ ಹಾಕುವುದೇ ಬೇಡ, ರಾಜೀನಾಮೆ ಕೊಡಿ. ಸದನದ ಬಲ ಕುಗ್ಗುತ್ತದೆ, ಬಹುಮತದ ಗೆರೆಯೂ ಕೆಳಗೆ ಬರುತ್ತದೆ. ಉಪಚುನಾವಣೆಯಲ್ಲಿ ಹೊಸ ಪಕ್ಷದ ಚಿಹ್ನೆಯಿಂದ ಗೆದ್ದು ಬನ್ನಿ. 'ಆಪರೇಷನ್ ಕಮಲ' ಎಂದು 2008ರಿಂದ ಕರೆಯುತ್ತಿರುವುದು ಇದನ್ನೇ.

2019ರ ಜುಲೈನಲ್ಲಿ ಆಳುವ ಕೂಟದ ಅತೃಪ್ತ ಶಾಸಕರು ಮುಂಬೈ ಹೋಟೆಲ್ ಸೇರಿದರು. ಜುಲೈ 23ರಂದು ವಿಶ್ವಾಸಮತ 99-105ರಲ್ಲಿ ಬಿದ್ದುಹೋಯಿತು. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ ನಡೆದು ಬಿಜೆಪಿ 12 ಗೆದ್ದಿತು.

ಹಣ, ಆಮಿಷದ ಆರೋಪಗಳು ಬೇಕಾದಷ್ಟು ಕೇಳಿದ್ದೇವೆ. ಅದನ್ನು ಬಿಟ್ಟರೂ ಒಂದು ಸರಳ ಸಂಗತಿ ಉಳಿಯುತ್ತದೆ. 34 ಸ್ಥಾನಗಳನ್ನು ಎರಡು ಪಕ್ಷ ಹಂಚಿಕೊಂಡಾಗ ಪ್ರತಿ ಪಕ್ಷದಲ್ಲೂ ಹಿರಿಯರು ಹೊರಗುಳಿದರು. ಅವರಿಗೆ ಮೈತ್ರಿಯಲ್ಲಿ ಕಾಯುವುದಕ್ಕಿಂತ ಹೊರಗಿನ ದಾರಿಯೇ ಲಾಭ ಅನಿಸಿತು. ನಾಯಕರ ಮಟ್ಟದಲ್ಲಿ 'ಬೇರೆ ಎಲ್ಲಿ ಜಾಗ ಉಂಟು' ಎಂದು ನೋಡಿದ ಲೆಕ್ಕವನ್ನೇ ಒಬ್ಬೊಬ್ಬ ಶಾಸಕನೂ ಹಾಕಿದ.

ಅವಧಿ ಹಂಚಿಕೊಂಡರೆ ನಡೆಯುವುದಿಲ್ಲವಾ? 20-20 ಏನಾಯಿತು?

2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿ ಬಿಜೆಪಿ ಜೊತೆ ಸರ್ಕಾರ ಮಾಡಿದರು. ಮೊದಲ 20 ತಿಂಗಳು ಜೆಡಿಎಸ್, ನಂತರದ 20 ಬಿಜೆಪಿ. 2007ರ ಅಕ್ಟೋಬರ್‌ನಲ್ಲಿ ಕುರ್ಚಿ ಬಿಡುವ ದಿನ ಬಂತು, ಬಿಡಲಿಲ್ಲ. ರಾಷ್ಟ್ರಪತಿ ಆಳ್ವಿಕೆ ಆಯಿತು. ಮತ್ತೆ ರಾಜಿ ಆಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಜೆಡಿಎಸ್ ಬೆಂಬಲ ಕೊಡದೆ 19ರಂದು ರಾಜೀನಾಮೆ. 2008ರ ಚುನಾವಣೆಯಲ್ಲಿ 'ವಚನಭ್ರಷ್ಟ' ಅನ್ನುವ ಒಂದೇ ಮಾತು ಬಿಜೆಪಿಯನ್ನು 110ಕ್ಕೆ ತಂದು ನಿಲ್ಲಿಸಿತು ಎಂದರೆ ಹೆಚ್ಚಲ್ಲ.

ತಲಪಾಡಿ ದಾಟಿದರೆ ಕೇರಳ. ಅಲ್ಲಿ 2021ರ ಎಡರಂಗ ಸರ್ಕಾರದಲ್ಲಿ ಕೆಲವು ಪುಟ್ಟ ಪಕ್ಷಗಳು ಮಂತ್ರಿಗಿರಿಯನ್ನು ಎರಡೂವರೆ ವರ್ಷದ ಹಾಗೆ ಹಂಚಿಕೊಂಡವು. 2023ರ ಡಿಸೆಂಬರ್‌ನಲ್ಲಿ ಇಬ್ಬರು ಇಳಿದರು, ಇಬ್ಬರು ಏರಿದರು. ಗಲಾಟೆ ಇಲ್ಲ. ಯಾಕೆ? ಮಾತು ತಪ್ಪಿದರೆ ಶಿಕ್ಷಿಸಬಲ್ಲ ದೊಡ್ಡಣ್ಣ ಒಬ್ಬ, ಸಿಪಿಎಂ, ಅಲ್ಲಿದ್ದ. ಒಂದು ಸೀಟಿನ ಪಕ್ಷಕ್ಕೆ ರಂಗ ಬಿಟ್ಟರೆ ಮುಂದಿನ ಸಲ ಆ ಸೀಟೂ ಕಷ್ಟ. ನಮ್ಮ 20-20ರಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮಬಲರು, ಹೇಳುವವರು ಯಾರೂ ಇರಲಿಲ್ಲ. ಮೊದಲ ಪಾಳಿ ತೆಗೆದುಕೊಂಡವನಿಗೆ ಎರಡನೇ ಪಾಳಿ ಕೊಡಲು ಯಾವ ಲಾಭವೂ ಇಲ್ಲ.

2007ರಲ್ಲೇ ಎರಡನೇ ಆಡಳಿತ ಸುಧಾರಣಾ ಆಯೋಗ ಇದಕ್ಕೊಂದು ಪರಿಹಾರ ಸೂಚಿಸಿತ್ತು. ಕಾರ್ಕಳದಿಂದ ಗೆದ್ದು ಮುಖ್ಯಮಂತ್ರಿಯೂ ಆಗಿದ್ದ ವೀರಪ್ಪ ಮೊಯಿಲಿ ಅದರ ಅಧ್ಯಕ್ಷರು. ಕೂಟದ ಪಕ್ಷ ನಡುದಾರಿಯಲ್ಲಿ ಹೊರಗಿನವರ ಜೊತೆ ಹೋದರೆ ಅದರ ಸದಸ್ಯರು ಮತ್ತೆ ಜನರ ಮುಂದೆ ಹೋಗಿ ಗೆದ್ದು ಬರಬೇಕು ಅನ್ನುವುದು ಶಿಫಾರಸು. ಯಾವ ಪಕ್ಷವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಾಳೆ ತಮಗೇ ಬೇಕಾಗಬಹುದಾದ ಬಾಗಿಲನ್ನು ಯಾರು ಮುಚ್ಚುತ್ತಾರೆ?

ಮೇಲೆ ನಾಯಕರು ಕೈ ಕುಲುಕಿದರೆ ಕೆಳಗೆ ಕಾರ್ಯಕರ್ತರೂ ಸೇರುತ್ತಾರಾ?

ಇದಕ್ಕೆ ಉಡುಪಿಗಿಂತ ಒಳ್ಳೆಯ ಉದಾಹರಣೆ ಬೇಡ. 2019ರ ಲೋಕಸಭೆಗೆ ಕಾಂಗ್ರೆಸ್-ಜೆಡಿಎಸ್ ಸೀಟು ಹಂಚಿಕೊಂಡಾಗ ಉಡುಪಿ-ಚಿಕ್ಕಮಗಳೂರು ಜೆಡಿಎಸ್ ಪಾಲಿಗೆ ಹೋಯಿತು. ಅವರಿಗೆ ಇಲ್ಲಿ ಬಲ ಇಲ್ಲ. ಕೊನೆಗೆ ಕಾಂಗ್ರೆಸ್ಸಿನ ಮಾಜಿ ಸಚಿವ ಪ್ರಮೋದ್ ಮಧ್ವರಾಜ್ ಅವರೇ ಜೆಡಿಎಸ್ ಚಿಹ್ನೆಯಲ್ಲಿ ನಿಂತರು. ಬೈಂದೂರು ಇರುವುದು ಶಿವಮೊಗ್ಗ ಕ್ಷೇತ್ರದಲ್ಲಿ. ಅಲ್ಲೂ ಜೆಡಿಎಸ್‌ನ ಮಧು ಬಂಗಾರಪ್ಪ. ಅಂದರೆ ಆ ಸಲ ಇಡೀ ಉಡುಪಿ ಜಿಲ್ಲೆಯ ಮತಯಂತ್ರಗಳಲ್ಲಿ ಕೈ ಚಿಹ್ನೆಯೇ ಇರಲಿಲ್ಲ. ದಶಕಗಳಿಂದ ಕೈಗೆ ಒತ್ತಿದ ಅಜ್ಜಿಯಂದಿರಿಗೆ ತೆನೆ ಹೊತ್ತ ಮಹಿಳೆಯನ್ನು ತೋರಿಸಿಕೊಡಬೇಕಾಯಿತು. ಶೋಭಾ ಕರಂದ್ಲಾಜೆ ದೊಡ್ಡ ಅಂತರದಿಂದ ಗೆದ್ದರು. ರಾಜ್ಯದ 28ರಲ್ಲಿ ಮೈತ್ರಿಗೆ ಬಂದದ್ದು ಎರಡೇ.

ಗಡಿಯಾಚೆ ಕೇರಳದ ಮಂಜೇಶ್ವರದಲ್ಲಿ ಹೀಗಾಗುವುದಿಲ್ಲ. ಕಾಂಗ್ರೆಸ್ ನೇತೃತ್ವದ ಐಕ್ಯರಂಗದಲ್ಲಿ ಆ ಸೀಟು ಮುಸ್ಲಿಂ ಲೀಗ್‌ನದು ಅಂತ ಕಾಂಗ್ರೆಸ್ ಕಾರ್ಯಕರ್ತರಿಗೆ ಮೊದಲೇ ಗೊತ್ತು. ಅಪ್ಪನ ಕಾಲದಿಂದಲೂ ಹಾಗೇ ನಡೆದು ಬಂದಿದೆ. ಒಂದು ತಿಂಗಳಲ್ಲಿ ಕಟ್ಟಿದ ಮೈತ್ರಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು?

ನಮ್ಮ ಜಿಲ್ಲೆಗೆ ಇದರಿಂದ ಏನು ವ್ಯತ್ಯಾಸ?

ಉಸ್ತುವಾರಿ ಸಚಿವರಲ್ಲಿ ಗೊತ್ತಾಗುತ್ತದೆ. 2018ರಲ್ಲಿ ಕರಾವಳಿಯ 13ರಲ್ಲಿ 12 ಬಿಜೆಪಿಗೆ. ಆಳುವ ಕೂಟಕ್ಕೆ ಸಿಕ್ಕವರು ಖಾದರ್ ಒಬ್ಬರೇ. ಅವರು ಮಂತ್ರಿಯಾಗಿ ದಕ್ಷಿಣ ಕನ್ನಡ ನೋಡಿಕೊಂಡರು. ಉಡುಪಿಗೆ ವಿಧಾನ ಪರಿಷತ್ ಸದಸ್ಯೆಯಾಗಿದ್ದ ಜಯಮಾಲಾ ಬಂದರು. ಕೂಟಕ್ಕೆ ಸೀಟು ಕೊಡದ ಜಿಲ್ಲೆಗೆ ಬಜೆಟ್ ಹೊತ್ತಿಗೆ ಗಟ್ಟಿಯಾಗಿ ಕೇಳುವವರು ಕಡಿಮೆ.

ಸಮ್ಮಿಶ್ರ ಸರ್ಕಾರದಲ್ಲಿ ಅಭಿವೃದ್ಧಿ ಆಗುವುದೇ ಇಲ್ಲ ಅಂತಾರೆ. ಹೌದಾ?

ಮಂಗಳೂರಿನಿಂದ ಮುಂಬೈಗೆ ರೈಲಿನಲ್ಲಿ ಹೋಗಿದ್ದೀರಾ? ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ. ಆಗ ದೆಹಲಿಯಲ್ಲಿ ಇದ್ದದ್ದು ವಿ.ಪಿ. ಸಿಂಗ್ ಅವರ ಅಲ್ಪಮತದ ಸರ್ಕಾರ. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಎಡಪಕ್ಷಗಳು ಹೊರಗಿನಿಂದ ಹಿಡಿದುಕೊಂಡಿದ್ದವು. ರೈಲ್ವೆ ಸಚಿವರು ಇದೇ ಜಾರ್ಜ್ ಫರ್ನಾಂಡಿಸ್. ಸರ್ಕಾರ ವರ್ಷ ತುಂಬುವ ಮೊದಲೇ, ಆ ನವೆಂಬರ್‌ನಲ್ಲಿ ಬಿತ್ತು. ನಿಗಮ ಉಳಿಯಿತು. 1998ರಲ್ಲಿ ದಾರಿ ಪೂರ್ತಿ ತೆರೆಯಿತು.

ಇದರಿಂದ ಎಲ್ಲ ಸಮ್ಮಿಶ್ರ ಸರ್ಕಾರವೂ ಕೆಲಸ ಮಾಡುತ್ತದೆ ಅಂತ ಅರ್ಥ ಅಲ್ಲ. ಬಾಳಿಕೆ ಕಡಿಮೆ ಎಂದು ಗೊತ್ತಿದ್ದ ಒಬ್ಬ ಮಂತ್ರಿ, ತಾನು ಹೋದ ಮೇಲೂ ನಡೆಯುವ ಹಾಗೆ ಸಂಸ್ಥೆ ಕಟ್ಟಿಟ್ಟು ಹೋದದ್ದು ಇಲ್ಲಿ ಮುಖ್ಯ.

ಒಂದೇ ಪಕ್ಷದ ಸರ್ಕಾರ ಆದರೆ ಈ ತಲೆಬಿಸಿ ಇಲ್ಲ, ಅಲ್ವಾ?

ಪಕ್ಷದೊಳಗೂ ಬಣ, ಜಾತಿ, ಜಿಲ್ಲೆಗಳ ಲೆಕ್ಕ ಇದ್ದೇ ಇರುತ್ತದೆ. 2008ರಿಂದ 2013ರ ಒಳಗೆ ಬಿಜೆಪಿಯೊಂದೇ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಅವರಲ್ಲಿ ಸದಾನಂದ ಗೌಡರು ನಮ್ಮ ಸುಳ್ಯದ ಕಡೆಯವರು. ಮಂತ್ರಿಗಿರಿ ಕೈತಪ್ಪಿದ ಬೇಸರಕ್ಕೆ ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟಿ ಪಕ್ಷ ಬಿಟ್ಟು, 2013ರಲ್ಲಿ ಪಕ್ಷೇತರರಾಗಿ ಗೆದ್ದೂ ತೋರಿಸಿದರು. 2018ರಲ್ಲಿ ಪಕ್ಷವೇ ಮತ್ತೆ ಟಿಕೆಟ್ ಕೊಟ್ಟಿತು.

ಗ್ರಾಮ ಪಂಚಾಯಿತಿಯಲ್ಲೂ ಮೈತ್ರಿ ಇರುತ್ತದಾ?

ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, 'ಬೆಂಬಲಿತ' ಸದಸ್ಯರು ಮಾತ್ರ. ಹಾಗಾಗಿ ಬೆಂಗಳೂರಿನಲ್ಲಿ ಬದ್ಧ ವೈರಿಗಳಾದವರು ಇಲ್ಲಿ ಒಟ್ಟಾಗಿ ಅಧ್ಯಕ್ಷ, ಉಪಾಧ್ಯಕ್ಷ ಹಂಚಿಕೊಂಡದ್ದುಂಟು. ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿಯೂ ಬದಲಾಗುವುದರಿಂದ 20-20ರಂಥ ಜಗಳಕ್ಕೆ ಅವಕಾಶ ಕಡಿಮೆ. ಮತ ಸಮ ಬಂದರೆ ಚೀಟಿ ಎತ್ತುತ್ತಾರೆ.

ಸರ್ಕಾರ ಬಿದ್ದರೆ ನಮ್ಮ ಪಿಂಚಣಿ, ರಸ್ತೆ ಕೆಲಸ ಎಲ್ಲ ನಿಲ್ಲುತ್ತದಾ?

ಇಲ್ಲ. ಹೊಸ ಸರ್ಕಾರ ಬರುವ ತನಕ ಹಳೆಯ ಮುಖ್ಯಮಂತ್ರಿ ಹಂಗಾಮಿಯಾಗಿ ಇರುತ್ತಾರೆ, ಇಲ್ಲದಿದ್ದರೆ ರಾಷ್ಟ್ರಪತಿ ಆಳ್ವಿಕೆಯಲ್ಲಿ ರಾಜ್ಯಪಾಲರು ಅಧಿಕಾರಿಗಳ ಮೂಲಕ ನಡೆಸುತ್ತಾರೆ. ಬಜೆಟ್‌ನಲ್ಲಿ ಒಪ್ಪಿಗೆಯಾದ ಪಿಂಚಣಿ, ಸಂಬಳ, ಪಡಿತರ ಮುಂದುವರಿಯುತ್ತವೆ. ಕಾರ್ಯಾದೇಶ ಆಗಿರುವ ರಸ್ತೆ ಸಾಮಾನ್ಯವಾಗಿ ನಡೆಯುತ್ತದೆ. ಶಾಸಕರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ, ಟೆಂಡರ್ ಆಗದ ಕೆಲಸಕ್ಕೆ ಹೊಸ ಸರ್ಕಾರದಲ್ಲಿ ಮತ್ತೆ ಮೊದಲಿನಿಂದ ಓಡಾಡಬೇಕು. ನಿಮ್ಮ ರಸ್ತೆ ಯಾವ ಹಂತದಲ್ಲಿದೆ ಎಂದು ಪಂಚಾಯಿತಿ ಅಥವಾ ಲೋಕೋಪಯೋಗಿ ಕಚೇರಿಯಲ್ಲಿ ಕೇಳಿ ಇಟ್ಟುಕೊಂಡರೆ ಒಳ್ಳೆಯದು.